ಮೊದಲ ರೀಫ್ ಟ್ಯಾಂಕ್: ಮೀನಿನ ಪಟ್ಟಿ ಮೊದಲು, ಟ್ಯಾಂಕ್ ಆಮೇಲೆ

ಪ್ರಶ್ನೆ: ಐದಾರು ವರ್ಷದಿಂದ ಸಿಹಿನೀರಿನ ಮೀನು ಸಾಕುತ್ತಿದ್ದೇನೆ. ಏಂಜೆಲ್, ಟೆಟ್ರಾ ಎಲ್ಲ ಚೆನ್ನಾಗಿವೆ. ಈಗ ಉಪ್ಪುನೀರಿನ ರೀಫ್ ಟ್ಯಾಂಕ್, ಅಂದರೆ ಹವಳದ ಬಂಡೆಯಂಥ ಟ್ಯಾಂಕ್ ಇಡುವ ಆಸೆ. ಎರಡು ಅಡಿ ಉದ್ದದ, ಸುಮಾರು 60 ಲೀಟರ್ ಹಿಡಿಯುವ ಟ್ಯಾಂಕ್ ಖಾಲಿ ಇದೆ. ಅದರಲ್ಲಿ ಒಂದು ಜೋಡಿ ಕ್ಲೌನ್‌ಫಿಶ್, ಒಂದು ಬ್ಲೂ ಟ್ಯಾಂಗ್, ಒಂದು ಮ್ಯಾಂಡರಿನ್, ಮೂರು ಡ್ಯಾಮ್ಸೆಲ್, ಒಂದು ಆ್ಯನಿಮೋನ್ ಮತ್ತು ಸ್ವಲ್ಪ ಹವಳ ಇಡಬೇಕೆಂದಿದ್ದೇನೆ. ಅಂಗಡಿಯವರು, "ಮೊದಲು ಡ್ಯಾಮ್ಸೆಲ್ ಬಿಡಿ, ಗಟ್ಟಿ ಮೀನು. ಒಂದು ವಾರ ಬದುಕಿದರೆ ಉಳಿದದ್ದನ್ನೆಲ್ಲ ಬಿಡಬಹುದು. ಟ್ಯಾಂಗ್ ಟ್ಯಾಂಕಿನ ಅಳತೆಗೆ ತಕ್ಕಷ್ಟೇ ಬೆಳೆಯುತ್ತೆ. ಯುವಿ ದೀಪ ಹಾಕಿದರೆ ರೋಗ ಬರಲ್ಲ" ಎಂದರು. ಆದರೆ ಪರಿಚಯದ ಇಬ್ಬರು ಹೀಗೇ ಶುರು ಮಾಡಿ ಎರಡು ತಿಂಗಳೊಳಗೆ ಎಲ್ಲ ಕಳೆದುಕೊಂಡರು. ಮೈಮೇಲೆ ಬಿಳಿ ಚುಕ್ಕೆ ಎದ್ದು ಮೀನುಗಳು ಒಂದರ ಹಿಂದೆ ಒಂದು ಸತ್ತವು. ನಾನು ಎಲ್ಲಿಂದ ಶುರು ಮಾಡಲಿ? ಯಾವ ಮೀನು ಯಾವುದರ ಜೊತೆ ಹೊಂದುತ್ತೆ? ನಾಲ್ಕೈದು ದಿನ ಮನೆ ಬಿಟ್ಟು ಹೋಗಬೇಕಾದರೆ ಏನು ಮಾಡಬೇಕು?

ಉತ್ತರ: ನಿಮಗೆ ಎರಡು ಭಯಗಳಿವೆ: ಮೀನು ಸಾಯಬಹುದು, ಬದುಕಿದರೂ ಕಚ್ಚಾಡಬಹುದು. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಯಾವ ಮೀನು ಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಅದಕ್ಕೆ ತಕ್ಕ ಟ್ಯಾಂಕ್ ತಂದು, ಮೀನುಗಳನ್ನು ಸರಿಯಾದ ಅನುಕ್ರಮದಲ್ಲಿ, ನಡುವೆ ವಾರಗಟ್ಟಲೆ ಬಿಡುವು ಕೊಟ್ಟು ಬಿಡಬೇಕು. ನಿಮ್ಮ ಪರಿಚಯದವರ ಮೀನು ಸತ್ತದ್ದು ದುರದೃಷ್ಟದಿಂದಲ್ಲ. ಅಂಗಡಿಯಿಂದ ಬಂದ ಯಾವುದೋ ಒಂದು ಮೀನು ಪರೋಪಜೀವಿಯನ್ನು ಹೊತ್ತು ತಂದಿರಬೇಕು, ಚಿಕ್ಕ ಟ್ಯಾಂಕ್ ಮತ್ತು ಅವಸರ ಉಳಿದ ಕೆಲಸ ಮಾಡಿದವು.

ಅಂಗಡಿಯವರ ಮಾತುಗಳನ್ನೇ ಮೊದಲು ನೋಡೋಣ. ಡ್ಯಾಮ್ಸೆಲ್ ಗಟ್ಟಿ ಮೀನು ಎನ್ನುವುದು ನಿಜ. ಅಮೋನಿಯಾ ತುಂಬಿದ ನೀರಿನಲ್ಲೂ ಅದು ಬದುಕುವುದರಿಂದ ಹಿಂದೆ ಹೊಸ ಟ್ಯಾಂಕ್ ಹದಗೊಳಿಸಲು, ಅಂದರೆ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಸಲು, ಅದನ್ನೇ ಬಿಡುತ್ತಿದ್ದರು. ಈಗ ಬಾಟಲಿಯಲ್ಲಿ ಅಮೋನಿಯಂ ಕ್ಲೋರೈಡ್ ಸಿಗುವಾಗ ಮೀನಿನ ಕಿವಿರು ಸುಡುವ ಅಗತ್ಯವಿಲ್ಲ. ಇನ್ನೊಂದು ತೊಂದರೆ ಆಮೇಲೆ ಗೊತ್ತಾಗುತ್ತದೆ. ಮೊದಲು ಬಂದ ಡ್ಯಾಮ್ಸೆಲ್ ಇಡೀ ಟ್ಯಾಂಕನ್ನು ತನ್ನದೆಂದುಕೊಳ್ಳುತ್ತದೆ. ಡಾಮಿನೊ ಎಂಬ ಮೂರು ಚುಕ್ಕೆಯ ಡ್ಯಾಮ್ಸೆಲ್ ಮರಿಯಾಗಿದ್ದಾಗ ಮುದ್ದಾಗಿರುತ್ತದೆ, ಬೆಳೆದು ಹತ್ತು ಸೆಂಟಿಮೀಟರ್ ದಾಟುತ್ತದೆ, ಹೊಸದಾಗಿ ಬಂದ ಪ್ರತಿ ಮೀನಿನ ರೆಕ್ಕೆ ಹರಿಯುತ್ತದೆ. ಅದನ್ನು ಹಿಡಿದು ಹೊರಹಾಕಬೇಕೆಂದರೆ ಕಲ್ಲನ್ನೆಲ್ಲ ಕಿತ್ತು ತೆಗೆಯಬೇಕು.

ಟ್ಯಾಂಕಿನ ಅಳತೆಗೆ ತಕ್ಕಂತೆ ಮೀನು ಬೆಳೆಯುತ್ತದೆ ಎಂಬುದು ಸುಳ್ಳು. ಬ್ಲೂ ಟ್ಯಾಂಗ್ 30 ಸೆಂಟಿಮೀಟರ್‌ವರೆಗೆ ಬೆಳೆಯುವ ಮೀನು. ಸಮುದ್ರದಲ್ಲಿ ಬಂಡೆಯ ಉದ್ದಕ್ಕೂ ಈಜುತ್ತಲೇ ಇರುವಂಥದ್ದು. ಎರಡು ಅಡಿಯಲ್ಲಿ ಅದರ ಬೆಳವಣಿಗೆ ಕುಂಠಿತವಾದರೆ ಅದು ಮೀನಿನ ಆರೋಗ್ಯ ಕೆಟ್ಟಿದೆ ಎಂಬುದರ ಲಕ್ಷಣ. ಆರು ಅಡಿ ಉದ್ದದ ಟ್ಯಾಂಕ್ ಇಡುವ ದಿನ ಬಂದಾಗ ಟ್ಯಾಂಗ್ ವಿಚಾರ ಮಾಡಿ. ಬಿಳಿ ಚುಕ್ಕೆ ರೋಗಕ್ಕೆ ಅದು ಬೇಗ ತುತ್ತಾಗುತ್ತದೆ ಎಂಬುದೂ ನೆನಪಿರಲಿ.

ಯುವಿ ವಿಷಯಕ್ಕೆ ಬಂದರೆ, ಅದು ತನ್ನ ಕೊಳವೆಯೊಳಗೆ ಹಾದುಹೋಗುವ ಜೀವಿಗಳನ್ನು ಮಾತ್ರ ಕೊಲ್ಲುತ್ತದೆ. ಮೀನಿನ ಚರ್ಮದೊಳಗೆ ಹೊಕ್ಕು ಕೂತಿರುವುದಕ್ಕೂ ಮರಳಿನಲ್ಲಿ ಕೋಶ ಕಟ್ಟಿಕೊಂಡಿರುವುದಕ್ಕೂ ಅದು ತಾಗುವುದೇ ಇಲ್ಲ. ರೋಗದ ಒತ್ತಡ ಸ್ವಲ್ಪ ಇಳಿಯಬಹುದು, ರೋಗ ಹೋಗುವುದಿಲ್ಲ.

ಈಗ ಟ್ಯಾಂಕ್. ನಿಮ್ಮಲ್ಲಿರುವ 60 ಲೀಟರಿನದನ್ನು ರೀಫ್‌ಗೆ ಬಳಸಬೇಡಿ, ಆದರೆ ಕೊಡಲೂಬೇಡಿ. ಅದಕ್ಕೆ ಬೇರೆ, ಬಹಳ ಮುಖ್ಯವಾದ ಕೆಲಸವಿದೆ. ರೀಫ್‌ಗೆ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು ಒಳ್ಳೆಯ ಆರಂಭ. ಲೆಕ್ಕಕ್ಕೆ 190 ಲೀಟರ್, ಕಲ್ಲು ಮರಳು ಹಾಕಿದ ಮೇಲೆ 160ರ ಹತ್ತಿರ ನೀರು. ಸ್ಟ್ಯಾಂಡ್ ಸೇರಿ ಮುನ್ನೂರು ಕಿಲೋ ಹತ್ತಿರವಾಗುತ್ತದೆ, ನೆಲ ಸಮತಟ್ಟಾಗಿರಬೇಕು.

ದೊಡ್ಡದು ಯಾಕೆ ಸುಲಭ ಎಂಬುದಕ್ಕೆ ಒಂದು ಲೆಕ್ಕ ನೋಡಿ. ನೀರು ಆವಿಯಾಗುವಾಗ ಉಪ್ಪು ಹಿಂದೆ ಉಳಿಯುತ್ತದೆ. ಚಿಕ್ಕ ಟ್ಯಾಂಕಿನಲ್ಲಿ ನಿಜವಾಗಿ ಇರುವುದು 50 ಲೀಟರ್ ಎಂದುಕೊಳ್ಳಿ. ದಿನಕ್ಕೆ 2 ಲೀಟರ್ ಆರಿಹೋಗಿ, ಮೂರು ದಿನ ನೀವು ಗಮನಿಸದಿದ್ದರೆ ಉಪ್ಪಿನ ಪ್ರಮಾಣ 35 ಪಿಪಿಟಿಯಿಂದ (ಸಾವಿರಕ್ಕೆ 35 ಪಾಲು) 40ರ ಹತ್ತಿರ ಬಂದಿರುತ್ತದೆ. ಹವಳ ಮುದುಡುತ್ತದೆ, ಸೀಗಡಿ ಸಾಯಬಹುದು. 160 ಲೀಟರಿನಲ್ಲಿ ದಿನಕ್ಕೆ 3 ಲೀಟರ್ ಆರಿದರೂ ಅದೇ ಮೂರು ದಿನಕ್ಕೆ 37. ಅದೂ ಒಳ್ಳೆಯದಲ್ಲ, ಆದರೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಆರಿದ ಜಾಗಕ್ಕೆ ಯಾವಾಗಲೂ ಶುದ್ಧ ಸಿಹಿನೀರನ್ನೇ ತುಂಬಬೇಕು, ಉಪ್ಪುನೀರನ್ನಲ್ಲ. ಸಿಹಿನೀರಿನಿಂದ ಬಂದವರು ಮೊದಲ ತಿಂಗಳು ತಪ್ಪುವುದು ಹೆಚ್ಚಾಗಿ ಇಲ್ಲೇ.

ಆ ಶುದ್ಧ ನೀರು ಆರ್‌ಒ ಜೊತೆಗೆ, ಉಳಿದ ಲವಣವನ್ನೂ ತೆಗೆಯುವ ಡಿಐ ಹಂತವೂ ದಾಟಿದ್ದಾಗಿರಬೇಕು, ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ನಲ್ಲಿ ನೀರಿನ ಫಾಸ್ಫೇಟ್, ಸಿಲಿಕೇಟ್ ಪಾಚಿಗೆ ಗೊಬ್ಬರ, ತಾಮ್ರವೇನಾದರೂ ಇದ್ದರೆ ಬಸವನಹುಳುಗಳಿಗೆ ವಿಷ. ರೀಫ್ ಉಪ್ಪು ಲೀಟರಿಗೆ ಸುಮಾರು 36ರಿಂದ 38 ಗ್ರಾಂ ಬೇಕಾಗುತ್ತದೆ. ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಉಪ್ಪು. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಕಾರ್ಬೋನೇಟ್ ಬಿಳಿ ಪುಡಿಯಾಗಿ ಕೂತುಬಿಡುತ್ತದೆ. ಪಂಪ್ ಹಾಕಿ ರಾತ್ರಿಯಿಡೀ ತಿರುಗಿಸಿ, 25 ಡಿಗ್ರಿಗೆ ತಂದು, ಉಪ್ಪಿನ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 35 ಪಿಪಿಟಿ, ಅಂದರೆ ಸಾಪೇಕ್ಷ ಸಾಂದ್ರತೆ 1.026 ನೋಡಿಕೊಳ್ಳಿ. ಉಪಕರಣವನ್ನು ಬರೀ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು. 35 ಪಿಪಿಟಿಯ ಮಾಪನ ದ್ರಾವಣ ಸಿಗುತ್ತದೆ, ಅದರಲ್ಲೇ ಹೊಂದಿಸಿ. ಸೊನ್ನೆಯಲ್ಲಿ ಸರಿ ತೋರಿಸುವ ಎಷ್ಟೋ ಉಪಕರಣಗಳು 35ರ ಹತ್ತಿರ ಎರಡು ಮೂರು ಅಂಕ ತಪ್ಪು ಹೇಳುತ್ತವೆ.

ಉಪಕರಣಗಳಲ್ಲಿ ಹರಿವಿಗೆ ಎರಡು ಪವರ್‌ಹೆಡ್ ಬೇಕು, ಎರಡೂ ಸೇರಿ ಗಂಟೆಗೆ 4,000 ಲೀಟರಿನ ಮೇಲೆ ತಳ್ಳಬೇಕು, ಎದುರುಬದುರು ಇಡಿ. ಟ್ಯಾಂಕಿಗಿಂತ ಒಂದು ಅಳತೆ ದೊಡ್ಡ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ), ಹೊರಗಿನ ಥರ್ಮೋಸ್ಟಾಟ್ ಇರುವ ಹೀಟರ್, ನೀರು 28 ಡಿಗ್ರಿ ದಾಟುವ ಜಾಗವಾದರೆ ಮೇಲಿಂದ ಬೀಸುವ ಫ್ಯಾನ್ ಅಥವಾ ಚಿಲ್ಲರ್. ಮೇಲೆ ಬಲೆಯ ಮುಚ್ಚಳ ಕಡ್ಡಾಯ, ಕಾರಣ ಮುಂದೆ ಹೇಳುತ್ತೇನೆ. ದೀಪದ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಮೆತ್ತನೆ ಹವಳಕ್ಕೆ ಸಾಕಾಗುವ ಎಲ್‌ಇಡಿ, ದಿನಕ್ಕೆ ಎಂಟು ಗಂಟೆ ಸಾಕು. ವಿದ್ಯುತ್ ಲೈನಿಗೆ, ಸೋರಿಕೆಯಾದೊಡನೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಇರಲಿ, ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮೇಲೇರುವಂತಿರಲಿ. ಉಪ್ಪುನೀರು ವೈರಿನಗುಂಟ ಹರಿದು ಸಾಕೆಟ್ ಸೇರುವುದು ಅದರಿಂದ ತಪ್ಪುತ್ತದೆ.

12ರಿಂದ 15 ಕಿಲೋ ಒಣ ರೀಫ್ ಕಲ್ಲನ್ನು ನೇರವಾಗಿ ಗಾಜಿನ ತಳದ ಮೇಲೆ ಜೋಡಿಸಿ, ಆಮೇಲೆ ಸುತ್ತ ಮೂರು ಸೆಂಟಿಮೀಟರ್ ಅರಗೋನೈಟ್ ಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ ಗೋಬಿ ಅಡಿಯಲ್ಲಿ ಬಿಲ ತೋಡಿದಾಗ ಕಲ್ಲು ಕುಸಿದು ಮೀನು ನಜ್ಜುಗುಜ್ಜಾಗುತ್ತದೆ, ಗಾಜೂ ಒಡೆಯಬಹುದು. ನಂತರ ಬಾಟಲಿ ಬ್ಯಾಕ್ಟೀರಿಯಾ ಹಾಕಿ, ಅಮೋನಿಯಂ ಕ್ಲೋರೈಡಿನಿಂದ ಅಮೋನಿಯಾವನ್ನು 2 ಪಿಪಿಎಂಗೆ ಏರಿಸಿ ಕಾಯಿರಿ. ಹೀಗೆ ಹಾಕಿದ 2 ಪಿಪಿಎಂ 24 ಗಂಟೆಯಲ್ಲಿ ಸೊನ್ನೆಯಾಗಿ ನೈಟ್ರೇಟ್ ಏರುತ್ತಿದ್ದರೆ ಟ್ಯಾಂಕ್ ಹದಕ್ಕೆ ಬಂದಿದೆ ಎಂದರ್ಥ. ಮೂರರಿಂದ ಆರು ವಾರ ಹಿಡಿಯುತ್ತದೆ. ನಿಮ್ಮ ಸಿಹಿನೀರಿನ ಅನುಭವ ಇಲ್ಲಿ ಸ್ವಲ್ಪ ದಾರಿ ತಪ್ಪಿಸಬಹುದು. ಅಲ್ಲಿ ನೀವು ನೈಟ್ರೈಟ್‌ಗೆ ಹೆದರುತ್ತೀರಿ. ಸಮುದ್ರದ ನೀರಿನಲ್ಲಿ ಕ್ಲೋರೈಡ್ ಅಪಾರವಾಗಿರುವುದರಿಂದ ನೈಟ್ರೈಟ್ ಕಿವಿರಿನೊಳಗೆ ಹೋಗುವುದು ಕಷ್ಟ, ಹಾಗಾಗಿ ಅದರ ವಿಷ ಅಷ್ಟಿಲ್ಲ. ಅಮೋನಿಯಾ ಮಾತ್ರ ತದ್ವಿರುದ್ಧ. ಪಿಎಚ್ 8.2ರಲ್ಲಿ ಅದರ ವಿಷರೂಪದ ಪಾಲು ಪಿಎಚ್ 7ರಲ್ಲಿ ಇರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು.

ಇದಾದ ಮೇಲೆ ಮರಳು ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಸಿಲಿಕೇಟ್ ಮುಗಿದಂತೆ ತಾನಾಗಿ ಹೋಗುತ್ತದೆ. ಅದಕ್ಕೆ ಔಷಧ ಹಾಕಲು ಹೋಗಬೇಡಿ, ಟ್ರೋಕಸ್ ಬಸವನಹುಳು ಏಳೆಂಟು ಬಿಡಿ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆ ಮಾಡಬೇಕೆಂಬ ಹಠವೂ ಬೇಡ. ಎರಡೂ ಸೊನ್ನೆಯಾದ ಹೊಸ ಟ್ಯಾಂಕಿನಲ್ಲೇ ಡೈನೊ ಎಂಬ ಪಾಚಿಯಂಥ ಪಿಡುಗು ಬರುವುದು ಹೆಚ್ಚು. ಕಂದು ಲೋಳೆಯ ಎಳೆಗಳು, ತುದಿಯಲ್ಲಿ ಗಾಳಿಗುಳ್ಳೆ, ಒರೆಸಿದ ಮರುದಿನ ಮತ್ತೆ ಹಾಜರ್. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ನೆಮ್ಮದಿ. ವಾರಕ್ಕೊಮ್ಮೆ ಹತ್ತು ಪರ್ಸೆಂಟ್ ನೀರು ಬದಲಿಸಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಯಾವುದು ಯಾವುದರ ಜೊತೆ. ಹವಳದ ಬಂಡೆಯ ಮೀನುಗಳು ಜಾಗಕ್ಕಾಗಿ, ಊಟಕ್ಕಾಗಿ, ಜೋಡಿಗಾಗಿ ಜಗಳವಾಡುತ್ತವೆ. ಆದ್ದರಿಂದ ಒಂದೇ ಮೈಕಟ್ಟು, ಒಂದೇ ಊಟ, ಒಂದೇ ಗುಹೆ ಬಯಸುವ ಎರಡು ಮೀನು ಒಟ್ಟಿಗೆ ಬೇಡ. ತಳದಲ್ಲಿ ಒಂದು, ಕಲ್ಲಿನ ಮೇಲೆ ಕೂರುವುದು ಒಂದು, ಗುಹೆಯದು ಒಂದು, ನಡು ನೀರಿನಲ್ಲಿ ತೇಲುವುದು ಒಂದು, ಹೀಗೆ ಹಂಚಿದರೆ 160 ಲೀಟರಿನಲ್ಲೂ ಆರು ಮೀನು ತಂತಮ್ಮ ಪಾಡಿಗೆ ಇರುತ್ತವೆ. ಇನ್ನೊಂದು ಮೀನಿನ ಬಾಯಲ್ಲಿ ಹಿಡಿಸುವ ಮೀನು ಇಂದಲ್ಲ ನಾಳೆ ಅದರ ಹೊಟ್ಟೆಗೇ ಹೋಗುತ್ತದೆ, ಲಯನ್‌ಫಿಶ್ ಇದ್ದಲ್ಲಿ ಇದು ದಿನದ ಮಾತು.

ನಿಮ್ಮ ಪಟ್ಟಿಯಲ್ಲಿ ಕ್ಲೌನ್‌ಫಿಶ್ ಉಳಿಯಲಿ. ಟ್ಯಾಂಕಿನಲ್ಲೇ ಹುಟ್ಟಿ ಬೆಳೆದ ಒಸೆಲ್ಲಾರಿಸ್ ತನ್ನಿ, ಮರೂನ್ ಕ್ಲೌನ್ ಬೇಡ, ಅದು ಬಹಳ ಮುಂಗೋಪಿ. ಕ್ಲೌನ್‌ಗಳೆಲ್ಲ ಗಂಡಾಗಿಯೇ ಶುರುವಾಗುತ್ತವೆ. ಇಬ್ಬರಲ್ಲಿ ಬಲಿಷ್ಠವಾದದ್ದು ಹೆಣ್ಣಾಗುತ್ತದೆ, ಮತ್ತೆ ಹಿಂದಕ್ಕೆ ಬದಲಾಗುವುದಿಲ್ಲ. ಅದಕ್ಕೇ ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ. ಮೊದಲ ದಿನಗಳಲ್ಲಿ ದೊಡ್ಡದು ಹತ್ತಿರ ಬಂದಾಗ ಚಿಕ್ಕದು ಪಕ್ಕಕ್ಕೆ ವಾಲಿ ಮೈಯೆಲ್ಲ ನಡುಗಿಸುವುದು ಕಾಣುತ್ತದೆ. ಫಿಟ್ಸ್ ಬಂದಂತೆ ಕಂಡರೂ ಅದು "ನೀನೇ ದೊಡ್ಡವಳು" ಎಂದು ಒಪ್ಪಿಕೊಳ್ಳುವ ರೀತಿ. ಹಾಗೆ ನಡುಗಿದರೆ ಜೋಡಿ ಕೂಡುತ್ತಿದೆ ಎಂದು ತಿಳಿಯಿರಿ. ಚಿಕ್ಕದು ಮೇಲಿನ ಮೂಲೆಯಲ್ಲೇ ನಿಂತು, ರೆಕ್ಕೆ ಹರಿದು, ಊಟಕ್ಕೂ ಬಾರದಿದ್ದರೆ ಮಾತ್ರ ಬೇರೆ ಮಾಡಬೇಕು.

ಆ್ಯನಿಮೋನ್ ಇಲ್ಲದೆ ಕ್ಲೌನ್ ಬದುಕದು ಎಂಬುದು ತಪ್ಪು ಕಲ್ಪನೆ. ಟ್ಯಾಂಕಿನಲ್ಲಿ ಹುಟ್ಟಿದವು ಆ್ಯನಿಮೋನನ್ನು ನೋಡಿಯೇ ಇರುವುದಿಲ್ಲ. ಆ್ಯನಿಮೋನ್‌ಗೆ ಒಳ್ಳೆ ಬೆಳಕು, ಏರಿಳಿತವಿಲ್ಲದ ನೀರು ಬೇಕು. ಹೊಸ ಟ್ಯಾಂಕಿನಲ್ಲಿ ಅದು ಜಾಗ ಹುಡುಕುತ್ತ ನಡೆಯುತ್ತದೆ, ಪವರ್‌ಹೆಡ್ಡಿಗೆ ಸಿಕ್ಕಿ ಚೂರಾಗುತ್ತದೆ, ಒಂದೇ ರಾತ್ರಿಯಲ್ಲಿ ಇಡೀ ನೀರನ್ನು ಕೆಡಿಸಬಲ್ಲದು. ಒಂದು ವರ್ಷ ಬಿಟ್ಟು ನೋಡಿ.

ಮ್ಯಾಂಡರಿನ್ ಬೇಡವೆಂದು ಒತ್ತಿ ಹೇಳುತ್ತೇನೆ. ಬೆಳಗಿನಿಂದ ಸಂಜೆವರೆಗೆ ಕಲ್ಲನ್ನು ಕುಕ್ಕುತ್ತ ಕೊಪೆಪಾಡ್ ಎಂಬ ಚುಕ್ಕೆಯಷ್ಟು ಚಿಕ್ಕ ಜೀವಿಗಳನ್ನು ತಿಂದು ಬದುಕುವ ಮೀನು ಅದು. ಹೊಸ ಕಲ್ಲಿನಲ್ಲಿ ಅವು ಕೆಲವೇ ವಾರಕ್ಕೆ ಖಾಲಿ. ಬಣ್ಣ ಹಾಗೇ ಇರುತ್ತದೆ, ಕುಕ್ಕುವುದೂ ನಿಲ್ಲುವುದಿಲ್ಲ, ಆದ್ದರಿಂದ ಚೆನ್ನಾಗಿದೆ ಎಂದೇ ಅನ್ನಿಸುತ್ತದೆ. ಮುಂದಿನಿಂದ ನೋಡಿ: ಹೊಟ್ಟೆ ಒಳಕ್ಕೆ ಹೋಗಿ, ತಲೆಯ ಹಿಂದೆ ಬೆನ್ನು ಏಣಿನಂತೆ ಎದ್ದಿದ್ದರೆ ಅದು ಹಸಿವಿನಿಂದ ಸಾಯುತ್ತಿದೆ. ಹೆಪ್ಪುಗಟ್ಟಿದ ಆಹಾರ ತಿನ್ನಲು ಕಲಿತ, ಟ್ಯಾಂಕಿನಲ್ಲಿ ಹುಟ್ಟಿದ ಮ್ಯಾಂಡರಿನ್ ಸಿಕ್ಕಿದರೆ, ಕಲ್ಲು ಒಂದು ವರ್ಷ ಹಳತಾದ ಮೇಲೆ ಯೋಚಿಸಬಹುದು.

ಇವುಗಳ ಬದಲು ನನ್ನ ಸಲಹೆ ಹೀಗಿದೆ. ತಳಕ್ಕೆ ಹಳದಿ ವಾಚ್‌ಮನ್ ಗೋಬಿ, ಜೊತೆಗೆ ಒಂದು ಪಿಸ್ತೂಲ್ ಸೀಗಡಿ. ಕಣ್ಣು ಮಂದವಾದ ಸೀಗಡಿ ಬಿಲ ತೋಡುತ್ತದೆ, ತನ್ನ ಮೀಸೆಯನ್ನು ಸದಾ ಗೋಬಿಯ ಮೈಗೆ ತಾಗಿಸಿಕೊಂಡಿರುತ್ತದೆ. ಗೋಬಿ ಬಾಲ ಅದುರಿಸಿದರೆ ಎರಡೂ ಒಳಗೆ. ಇದೊಂದನ್ನು ನೋಡುವುದಕ್ಕೇ ರೀಫ್ ಟ್ಯಾಂಕ್ ಇಡಬಹುದು. ಕಲ್ಲಿನ ಮೇಲೆ ಟೇಲ್‌ಸ್ಪಾಟ್ ಬ್ಲೆನ್ನಿ, ನಡು ನೀರಿಗೆ ಒಂದು ಫೈರ್‌ಫಿಶ್, ಗುಹೆಗೆ ಒಂದು ರಾಯಲ್ ಗ್ರಾಮಾ, ಕೊನೆಗೆ ಕ್ಲೌನ್ ಜೋಡಿ. ಫೈರ್‌ಫಿಶ್ ಬೆದರಿದರೆ ಬಾಣದಂತೆ ಮೇಲಕ್ಕೆ ಹಾರುತ್ತದೆ, ಬಲೆಯ ಮುಚ್ಚಳ ಇರುವುದು ಅದಕ್ಕೇ. ಬಿಡುವ ಅನುಕ್ರಮ ಹೀಗಿರಲಿ: ಮೊದಲು ಗೋಬಿ, ಫೈರ್‌ಫಿಶ್‌ನಂಥ ಅಂಜುಬುರುಕರು, ಆಮೇಲೆ ಬ್ಲೆನ್ನಿ, ಗ್ರಾಮಾ, ಎಲ್ಲಕ್ಕಿಂತ ಕೊನೆಗೆ ಕ್ಲೌನ್. ಗ್ರಾಮಾಗೆ ಒಂದು ಕಡೆ, ಫೈರ್‌ಫಿಶ್‌ಗೆ ಇನ್ನೊಂದು ಕಡೆ ಬೇರೆ ಬೇರೆ ಬಿಲ ಸಿಗುವಂತೆ ಕಲ್ಲನ್ನು ಎರಡು ಗುಡ್ಡೆಯಾಗಿ ಜೋಡಿಸಿ.

ಅಂಗಡಿಯಲ್ಲಿ ಮನಸ್ಸು ಸೆಳೆಯುವ ಇನ್ನೂ ಕೆಲವಿವೆ. ಸಿಕ್ಸ್‌ಲೈನ್ ರಾಸ್ ಚಿಕ್ಕದಾದರೂ ಆರು ತಿಂಗಳಲ್ಲಿ ಪುಂಡನಾಗುತ್ತದೆ, ಬೇಕೇಬೇಕೆಂದರೆ ಕಟ್ಟಕಡೆಗೆ ತನ್ನಿ. ಹಸಿರು ಕ್ರೋಮಿಸ್ ಗುಂಪು ಬಿಡಿ ಎನ್ನುತ್ತಾರೆ. ಚಿಕ್ಕ ಟ್ಯಾಂಕಿನಲ್ಲಿ ಬಲಿಷ್ಠವಾದದ್ದು ದುರ್ಬಲವಾದದ್ದನ್ನು ಅಟ್ಟಿ ಅಟ್ಟಿ, ಏಳು ಬಿಟ್ಟಲ್ಲಿ ಕೊನೆಗೆ ಒಂದೋ ಎರಡೋ ಉಳಿಯುತ್ತವೆ. ಕುಬ್ಜ ಏಂಜೆಲ್‌ಗಳು ಹವಳವನ್ನು ಕುಕ್ಕಬಹುದು, ಕುಕ್ಕದೆಯೂ ಇರಬಹುದು. ಅದು ಆ ಒಂದೊಂದು ಮೀನಿನ ಸ್ವಭಾವ, ಮೊದಲೇ ಹೇಳಲಾಗದು. ಚಿಟ್ಟೆಮೀನುಗಳಲ್ಲಿ ಬಹುಪಾಲು ಹವಳವನ್ನೇ ತಿನ್ನುತ್ತವೆ. ಬಂಗೈ ಕಾರ್ಡಿನಲ್ ಒಳ್ಳೆಯ ಮೀನು, ಆದರೆ ಒಂದೇ ಅಥವಾ ಗಟ್ಟಿಯಾಗಿ ಕೂಡಿದ ಜೋಡಿ ಮಾತ್ರ. ಇಂಡೊನೇಷ್ಯಾದ ಬಂಗೈ ದ್ವೀಪಗಳ ಸುತ್ತ ಮಾತ್ರ ಸಹಜವಾಗಿ ಬದುಕುವ, ಅಳಿವಿನಂಚಿನಲ್ಲಿರುವ ಜಾತಿ ಅದು, ಸಾಕಿ ಬೆಳೆಸಿದ್ದನ್ನೇ ಕೇಳಿ ತನ್ನಿ.

ಈಗ ನಿಮ್ಮ 60 ಲೀಟರ್ ಟ್ಯಾಂಕ್. ಅದೇ ನಿಮ್ಮ ಕ್ವಾರಂಟೈನ್, ಹೊಸ ಮೀನನ್ನು ರೀಫ್‌ಗೆ ಬಿಡುವ ಮೊದಲು ಬೇರೆ ಇಡುವ ಜಾಗ. ಮರಳಿಲ್ಲ, ಕಲ್ಲಿಲ್ಲ, ಅಡಗಲು ಪಿವಿಸಿ ಎಲ್ಬೋ ತುಂಡುಗಳು, ಒಂದು ಹೀಟರ್, ಮೊದಲೇ ಬ್ಯಾಕ್ಟೀರಿಯಾ ಕೂರಿಸಿದ ಸ್ಪಾಂಜ್ ಫಿಲ್ಟರ್. ಬಿಳಿ ಚುಕ್ಕೆ ತರುವ ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿ ಮೀನಿನ ಚರ್ಮದೊಳಗೆ ಮೂರರಿಂದ ಏಳು ದಿನ ತಿಂದು, ಕಳಚಿ ಬಿದ್ದು, ಕಲ್ಲು ಮರಳಿಗೆ ಅಂಟಿ ಕೋಶ ಕಟ್ಟುತ್ತದೆ. ಕೋಶ ಒಡೆದಾಗ ನೂರಾರು ಮರಿಗಳು ಹೊಸ ಮೀನು ಹುಡುಕುತ್ತವೆ. ಚುಕ್ಕೆ ಮಾಯವಾದಾಗ "ವಾಸಿಯಾಯಿತು" ಎಂದುಕೊಳ್ಳುವುದು ಇಲ್ಲೇ ಮೋಸ ಮಾಡುತ್ತದೆ. ಅದು ಮುಂದಿನ ಸುತ್ತಿಗೆ ಹೋಗಿದೆ ಅಷ್ಟೆ. ನಿಮ್ಮ ಪರಿಚಯದವರ ಟ್ಯಾಂಕಿನಲ್ಲಿ ಆದದ್ದು ಬಹುಶಃ ಇದೇ.

ದಾರಿ ಮೂರಿವೆ. ಒಂದು, ಔಷಧವಿಲ್ಲದೆ ನಾಲ್ಕರಿಂದ ಆರು ವಾರ ಕಣ್ಣಿಟ್ಟು ನೋಡುವುದು. ಮೀನಿಗೆ ಹಿತ, ಆದರೆ ಕಿವಿರಿನಲ್ಲಿ ಅಡಗಿದ ರೋಗ ಕಣ್ಣು ತಪ್ಪಿಸಬಹುದು. ಎರಡು, ಪ್ರತಿ 72 ಗಂಟೆಗೊಮ್ಮೆ ಒಣಗಿಸಿ ಸ್ವಚ್ಛ ಮಾಡಿದ ಬೇರೆ ಟಬ್ಬಿಗೆ ನಾಲ್ಕು ಸಲ ವರ್ಗಾಯಿಸುವುದು. ಉದುರಿದ ಕೋಶಗಳು ಒಡೆಯುವ ಮೊದಲೇ ಮೀನು ಮುಂದಕ್ಕೆ ಹೋಗಿರುತ್ತದೆ. ಬಿಳಿ ಚುಕ್ಕೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ವೆಲ್ವೆಟ್ ಎಂಬ ಇನ್ನೊಂದು ಪರೋಪಜೀವಿ ರೋಗಕ್ಕೆ ಸಾಲದು. ಮೂರು, ತಾಮ್ರ. ಕೀಲೇಟೆಡ್ (ಸಾವಯವ ಅಣುವಿಗೆ ಬಂಧಿಸಿದ) ತಾಮ್ರವನ್ನು ಎರಡು ಮೂರು ದಿನದಲ್ಲಿ ಮೆಲ್ಲಗೆ ಏರಿಸಿ, ಲೇಬಲ್ ಹೇಳಿದ ಮಟ್ಟದಲ್ಲಿ, ಸಾಮಾನ್ಯವಾಗಿ 2ರಿಂದ 2.5 ಪಿಪಿಎಂ, 30 ದಿನ ಹಿಡಿದಿಡುವುದು. ಎರಡೂ ರೋಗಕ್ಕೆ ಸಲ್ಲುತ್ತದೆ. ಮಟ್ಟ ಒಂದು ದಿನ ಇಳಿದರೂ ಲೆಕ್ಕ ಮೊದಲಿನಿಂದ, ಏರಿದರೆ ಮೀನಿಗೇ ವಿಷ, ಆದ್ದರಿಂದ ಕೀಲೇಟೆಡ್ ತಾಮ್ರ ಅಳೆಯುವ ಟೆಸ್ಟ್ ಕಿಟ್ ಇಲ್ಲದೆ ಕೈ ಹಾಕಬೇಡಿ. ತಾಮ್ರ ತಾಗಿದ ಬಕೆಟ್, ಬಲೆ ಯಾವುದೂ ರೀಫ್ ಕಡೆ ಸುಳಿಯಬಾರದು. ಸಮುದ್ರದ ಮೀನು ಮೊದಲ ಬಾರಿ ಇಡುತ್ತಿರುವ ನಿಮಗೆ ನಾನು ಹೇಳುವುದು ಎರಡನೆಯದನ್ನು, ಅದಾದ ಮೇಲೆ ಎರಡು ವಾರ ಕಣ್ಗಾವಲು. ಮೀನು ಪಂಪಿನ ಹರಿವಿಗೆ ಮುಖವೊಡ್ಡಿ ಏದುಸಿರು ಬಿಡುತ್ತ, ಮೈಮೇಲೆ ಹಿಟ್ಟು ಉದುರಿಸಿದಂತೆ ನಯವಾದ ಧೂಳು ಕಂಡರೆ ಅದು ವೆಲ್ವೆಟ್. ದಿನಗಳಲ್ಲೇ ಕೊಲ್ಲುತ್ತದೆ, ತಕ್ಷಣ ತಾಮ್ರಕ್ಕೆ ಹೋಗಿ. ರೋಗ ದೊಡ್ಡ ಟ್ಯಾಂಕಿಗೇ ಹೊಕ್ಕರೆ ಎಲ್ಲ ಮೀನನ್ನೂ ಹೊರತೆಗೆದು ಚಿಕಿತ್ಸೆ ಕೊಟ್ಟು, ಆ ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಡಬೇಕು.

ಹವಳವನ್ನು ಮೂರನೇ ತಿಂಗಳಿನಿಂದ ಶುರು ಮಾಡಿ: ಮಶ್ರೂಮ್, ಜೋಆಂಥಿಡ್, ಲೆದರ್. ಕ್ಷಾರೀಯತೆ 8ರಿಂದ 9 ಡಿಕೆಎಚ್‌ನಲ್ಲಿ ವಾರಗಟ್ಟಲೆ ನಿಂತ ಮೇಲೆ ಹ್ಯಾಮರ್ ಎಂಬ ಗಟ್ಟಿ ಹವಳ. ಜೋಆಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷ ಇರಬಹುದು. ಕತ್ತರಿಸುವಾಗ ಕೈಗವಸು, ಕನ್ನಡಕ ಹಾಕಿ, ಅವು ಬೆಳೆದ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ, ಆ ಹಬೆಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾದೀತು. ಗಟ್ಟಿ ಹವಳಗಳೆಲ್ಲ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಕೆಲವು ದೇಶಗಳಲ್ಲಿ ಹವಳ ಇಟ್ಟುಕೊಳ್ಳುವುದೇ ಅಪರಾಧ. ನಿಮ್ಮಲ್ಲಿ ಏನು ಕಾನೂನಿದೆ ಎಂದು ನೋಡಿಯೇ ತನ್ನಿ. ಅನುಮತಿ ಇಲ್ಲದಿದ್ದರೆ ಕಲ್ಲು, ಮೀನು, ಸೀಗಡಿಗಳ ಟ್ಯಾಂಕೇ ಸಾಕಷ್ಟು ಚೆಂದ.

ನಾಲ್ಕೈದು ದಿನ ಹೊರಗೆ ಹೋಗುವುದಕ್ಕೆ ಹೆದರಬೇಡಿ. ಊಟವಿಲ್ಲದೆ ಈ ಮೀನುಗಳು ಅಷ್ಟು ದಿನ ಇರಬಲ್ಲವು, ಪಕ್ಕದ ಮನೆಯವರ ಕೈಗೆ ಆಹಾರದ ಡಬ್ಬಿ ಕೊಟ್ಟು ಹೋಗುವುದೇ ಹೆಚ್ಚು ಅಪಾಯ. ಕೊಡಲೇಬೇಕೆಂದರೆ ದಿನದ ಪಾಲನ್ನು ಪೊಟ್ಟಣ ಕಟ್ಟಿಡಿ. ನಿಜವಾಗಿ ಬೇಕಿರುವುದು ಆರಿದ ನೀರನ್ನು ತಾನಾಗಿ ತುಂಬುವ ಆಟೊ ಟಾಪ್‌ಆಫ್. ಅದರ ಡಬ್ಬಿಯಲ್ಲಿ 20 ಲೀಟರಿಗಿಂತ ಹೆಚ್ಚು ನೀರಿಡಬೇಡಿ. ಸೆನ್ಸರ್ ಕೆಟ್ಟು ಅಷ್ಟೂ ಒಳಗೆ ಬಿದ್ದರೂ ಉಪ್ಪು 31ರ ಸುತ್ತ ನಿಲ್ಲುತ್ತದೆ, ಮೀನು ತಡೆದುಕೊಳ್ಳುತ್ತವೆ. ಎರಡನೆಯದು, ಕರೆಂಟ್ ಹೋದಾಗ ತಾನಾಗಿ ಶುರುವಾಗುವ ಬ್ಯಾಟರಿ ಏರ್‌ಪಂಪ್. 25 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಕರಗಿದರೆ ಸಮುದ್ರದ ನೀರಿನಲ್ಲಿ 6.7 ಮಾತ್ರ. ಹರಿವು ನಿಂತ ರೀಫ್ ಟ್ಯಾಂಕಿನಲ್ಲಿ ಮೀನು ಉಸಿರುಗಟ್ಟಲು ಕೆಲವೇ ಗಂಟೆ ಸಾಕು. ಹೊರಡುವ ವಾರ ಹೊಸ ಮೀನು ತರಬೇಡಿ, ಹೊಸ ಉಪಕರಣ ಜೋಡಿಸಬೇಡಿ, ಮೇನ್ ಸ್ವಿಚ್ ಆಫ್ ಮಾಡಿ ಏರ್‌ಪಂಪ್ ತಾನಾಗಿ ಶುರುವಾಗುತ್ತದೆಯೇ ಎಂದು ಒಮ್ಮೆ ನೋಡಿಕೊಂಡು ಹೊರಡಿ.